ಅಳಿವೆಯ ಚಿತ್ರ ಯಾರು ತೆಗೆಯಬೇಕು?

(ಘಟ್ಟದ ಮೇಲಿನ ನಮ್ಮ ಊರುಗಳ ವಿದ್ಯಾರ್ಥಿಗಳಿಗೂ ಗ್ರಾಮಸ್ಥರಿಗೂ ಏರ್ಪಡಿಸಿದ್ದ ಒಂದು ದಿನದ ಶಿಬಿರದಲ್ಲಿ ನಿವೃತ್ತ ಶಿಕ್ಷಕರೊಬ್ಬರು ಮಾಡಿದ ಉಪನ್ಯಾಸದ ಬರಹರೂಪ.)



ಹತ್ತಿರದ ಕಡಲತೀರವನ್ನು, ಅಲ್ಲಿನ ಜೀವಿಗಳನ್ನು, ಕೋಟೆ ಕೊತ್ತಲಗಳನ್ನು ಚಿತ್ರದಲ್ಲಿ ಹಿಡಿಯುವುದು ಹೇಗೆ ಎಂಬ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಸಂಘಟಕರು ಕೇಳಿದಾಗ ನನಗೆ ಸಂಕೋಚವಾಯಿತು. ನಾನು ಛಾಯಾಗ್ರಾಹಕನಲ್ಲ. ಶಾಲೆಯಲ್ಲಿ ಪಾಠ ಹೇಳಿ ನಿವೃತ್ತನಾದವನು. ಈಗ ತೋಟ ನೋಡಿಕೊಂಡು ಇರುವವನು. ಸೇವೆಯ ಕೆಲವು ವರ್ಷಗಳನ್ನು ಕುಮಟಾ ತಾಲೂಕಿನಲ್ಲಿ ಕಳೆದದ್ದರಿಂದ ಘಟ್ಟದ ಕೆಳಗಿನ ನಂಟು ಉಳಿದಿದೆ. ಆ ದಿನಗಳಲ್ಲಿ ನನ್ನ ಬಳಿ ಒಂದು ಹಾಟ್‌ಶಾಟ್ ಕ್ಯಾಮೆರಾ ಇತ್ತು. ಒಂದು ರೀಲಿಗೆ 36 ಚಿತ್ರ. ರೀಲು ಕೊಂಡು, ತೊಳೆಸಿ, ಪ್ರಿಂಟು ಹಾಕಿಸುವಷ್ಟರಲ್ಲಿ ಮಾಸ್ತರನ ಸಂಬಳದಲ್ಲಿ ಒಂದು ಪಾಲು ಹೋಗುತ್ತಿತ್ತು. ಆದ್ದರಿಂದ ಪ್ರತಿ ಚಿತ್ರಕ್ಕೂ ಮೊದಲು, ಇದು ಬೇಕೇ ಎಂದು ಯೋಚಿಸುವುದು ಅಭ್ಯಾಸವಾಗಿತ್ತು.

ಇಂದು ಇಲ್ಲಿ ಕುಳಿತ ಬಹುತೇಕ ಎಲ್ಲರ ಕಿಸೆಯಲ್ಲಿಯೂ ಕ್ಯಾಮೆರಾ ಇದೆ. ರೀಲಿನ ಖರ್ಚಿಲ್ಲ. ಕಳೆದ ಮೇ ತಿಂಗಳಿನಲ್ಲಿ ನಿಮ್ಮಲ್ಲಿ ಎಷ್ಟೋ ಜನ ಗೋಕರ್ಣಕ್ಕೋ ಮುರುಡೇಶ್ವರಕ್ಕೋ ಹೋಗಿ ಬಂದಿರಬಹುದು. ನೂರಾರು ಚಿತ್ರ ತೆಗೆದಿರಬಹುದು. ಅವುಗಳಲ್ಲಿ ಹತ್ತು ವರ್ಷಗಳ ನಂತರ ಯಾರಾದರೂ ಬಂದು, ಆ ಚಿತ್ರ ನಮಗೆ ಬೇಕು, ಕೊಡಿ ಎಂದು ಕೇಳುವಂಥದ್ದು ಎಷ್ಟಿವೆ? ಈ ಒಂದು ಪ್ರಶ್ನೆಯನ್ನು ಇಟ್ಟುಕೊಂಡು ನಾನು ಇಂದಿನ ಮಾತು ಆರಂಭಿಸುತ್ತೇನೆ. ಸೂರ್ಯಾಸ್ತದ ಚಿತ್ರ ತೆಗೆಯಬೇಡಿ ಎಂದು ನಾನು ಹೇಳುವುದಿಲ್ಲ. ತೆಗೆಯಿರಿ, ಸಂತೋಷಪಡಿ. ಆದರೆ ಅದರ ಜೊತೆಗೆ, ಅದೇ ದಿನ, ಅದೇ ಜಾಗದಲ್ಲಿ, ಇನ್ನೊಂದು ಬಗೆಯ ಚಿತ್ರವನ್ನೂ ತೆಗೆಯಬಹುದು. ಅದು ಸಾಕ್ಷಿ ಹೇಳುವ ಚಿತ್ರ.

ಘಟ್ಟದವರಿಗೆ ಕಡಲಿನ ಗೊಡವೆ ಏಕೆ?

ನಾವು ಅಡಿಕೆ, ಏಲಕ್ಕಿ, ಕಾಳುಮೆಣಸಿನ ಜನ. ಕಡಲಿನ ಚಿತ್ರ ಕಡಲಿನವರು ತೆಗೆಯಲಿ ಎಂದು ಯಾರಾದರೂ ಹೇಳಬಹುದು. ಅವರಿಗೆ ನಮ್ಮ ಹೊಳೆಯನ್ನು ತೋರಿಸಬೇಕು. ಅಘನಾಶಿನಿ ಹುಟ್ಟುವುದು ಶಿರಸಿಯ ಶಂಕರಹೊಂಡ ಮತ್ತು ಮಂಜುಗುಣಿಯ ಕಡೆಯಿಂದ. ನಮ್ಮ ಬೆಟ್ಟ, ಸೊಪ್ಪಿನ ಗುಡ್ಡ, ತೋಟದ ಕಾಲುವೆಗಳ ನೀರು ಅದಕ್ಕೆ ಸೇರುತ್ತದೆ. ಉಂಚಳ್ಳಿಯಲ್ಲಿ 116 ಮೀಟರ್ ಎತ್ತರದಿಂದ ಧುಮುಕಿ, ಕಣಿವೆಯ ಕಾಡಿನಲ್ಲಿ ಹರಿದು, ಕುಮಟಾದ ಬಳಿ ಅಘನಾಶಿನಿ ಮತ್ತು ತದಡಿ ಊರುಗಳ ನಡುವೆ ಕಡಲು ಸೇರುತ್ತದೆ. ಒಟ್ಟು ಉದ್ದ ಸುಮಾರು 120 ಕಿಲೋಮೀಟರ್. ಇದರ ಹರಿವಿಗೆ ಅಡ್ಡವಾಗಿ ದೊಡ್ಡ ಅಣೆಕಟ್ಟು ಬಂದಿಲ್ಲ. ಪಶ್ಚಿಮಕ್ಕೆ ಹರಿಯುವ ನಮ್ಮ ಹೊಳೆಗಳಲ್ಲಿ ಹೀಗೆ ತಡೆಯಿಲ್ಲದೆ ಉಳಿದವು ಕಡಿಮೆ. ಶರಾವತಿಯ ಕಥೆ, ಕಾಳಿಯ ಕಥೆ ನಿಮಗೆ ಗೊತ್ತೇ ಇದೆ.

ಹೊಳೆಯ ಸಿಹಿನೀರೂ ಕಡಲಿನ ಉಪ್ಪುನೀರೂ ಕೂಡುವ ಜಾಗ ಅಳಿವೆ. ಮಳೆಗಾಲದಲ್ಲಿ ಘಟ್ಟದ ನೀರು ಇಳಿದು ಅಳಿವೆಯ ಉಪ್ಪನ್ನು ಕಡಿಮೆ ಮಾಡುತ್ತದೆ. ಆ ಅವಧಿಯಲ್ಲಿಯೇ ಮಾಣಿಕಟ್ಟಾದಂಥ ಊರುಗಳ ಗಜನಿ ಗದ್ದೆಗಳಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತದೆ. ಉಪ್ಪನ್ನು ಸಹಿಸುವ, ನೀರಿನಲ್ಲಿ ಕೆಲವು ದಿನ ಮುಳುಗಿದರೂ ತಲೆಯೆತ್ತುವ ತಳಿ ಅದು. ಕೊಯ್ಲಾದ ಮೇಲೆ ಅದೇ ಗದ್ದೆಗೆ ಉಪ್ಪುನೀರು ಬರುತ್ತದೆ. ಕೊಳೆತ ಕೂಳೆ ಮೀನಿಗೂ ಸಿಗಡಿಗೂ ಆಹಾರವಾಗುತ್ತದೆ. ಮೀನನ್ನು ಹುಡುಕಿ ಹಕ್ಕಿಗಳು ಬರುತ್ತವೆ. ಇಳಿತದ ಹೊತ್ತಿನಲ್ಲಿ ಕೆಸರು ದಿಬ್ಬಗಳ ಮೇಲೆ ಹೆಂಗಸರು, ಗಂಡಸರು ಬಳಚು ಎಂಬ ಚಿಪ್ಪಿನ ಜೀವಿಯನ್ನು ಆರಿಸುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಈ ಒಂದು ಅಳಿವೆಯಿಂದ ವರ್ಷಕ್ಕೆ ಸುಮಾರು 22 ಸಾವಿರ ಟನ್ ಚಿಪ್ಪಿನ ಜೀವಿಗಳು ದೊರೆಯುತ್ತಿದ್ದವು. ಎರಡು ಸಾವಿರಕ್ಕೂ ಹೆಚ್ಚು ಜನರಿಗೆ ಅದರಿಂದ ನೇರವಾಗಿ ಕೆಲಸವಿತ್ತು. 2024ರಲ್ಲಿ ಅಘನಾಶಿನಿ ಅಳಿವೆ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು. ಅಂದರೆ ಜಗತ್ತು ಕಾಪಾಡಬೇಕಾದ ಜೌಗುಪ್ರದೇಶ ಎಂಬ ಗೌರವ ಅದಕ್ಕೆ ಬಂದಿದೆ.

ಇಷ್ಟನ್ನೂ ನಡೆಸುವ ಸಿಹಿನೀರು ನಮ್ಮ ಊರುಗಳಿಂದ ಇಳಿಯುತ್ತದೆ. ಈ ಹೊಳೆಯ ನೀರನ್ನು ಪೂರ್ವಕ್ಕೆ, ವೇದಾವತಿಯ ಕಡೆಗೆ ಒಯ್ಯುವ ಪ್ರಸ್ತಾಪವೂ ಇದೆ. ಅದರ ಬಗ್ಗೆ ನಿಮ್ಮ ಊರುಗಳಲ್ಲಿ ಸಭೆಗಳಾಗಿವೆ. ಆ ಚರ್ಚೆಯಲ್ಲಿ ಯಾವ ಪಕ್ಷವೇ ಇರಲಿ, ಹೊಳೆಯ ತುದಿಯಲ್ಲಿ ಏನಿದೆ, ನೀರು ಕಡಿಮೆಯಾದರೆ ಅಲ್ಲಿ ಏನಾಗಬಹುದು ಎಂಬುದಕ್ಕೆ ಉತ್ತರ ಬೇಕಾಗುತ್ತದೆ. ಬದಲಾವಣೆಯನ್ನು ತೋರಿಸಬೇಕಾದರೆ ಮೊದಲು ಹೇಗಿತ್ತು ಎಂಬುದರ ದಾಖಲೆ ಬೇಕು. ಆ ದಾಖಲೆಯನ್ನು ಮುಂದೆ ಯಾರೋ ಬಂದು ಹಿಂದಿನ ದಿನಾಂಕ ಹಾಕಿ ಮಾಡಲಾಗದು. ಇಂದು ಇರುವವರೇ ಮಾಡಬೇಕು. ಶಿರಸಿಯಿಂದ ದೇವಿಮನೆ ಘಟ್ಟ ಇಳಿದರೆ ಕುಮಟಾಕ್ಕೆ ಅರವತ್ತು ಕಿಲೋಮೀಟರಿನಷ್ಟು ದಾರಿ; ಬಸ್ಸಿನಲ್ಲಿ ಹೋಗಿ ಸಂಜೆಗೆ ಮರಳಬಹುದು. ಇದಕ್ಕಿಂತ ಹತ್ತಿರದ ಕಡಲು ನಮಗಿಲ್ಲ.

ಒಂದು ಹಳೆಯ ಗುಂಪು ಚಿತ್ರ

ನನ್ನ ಅನುಭವವೊಂದನ್ನು ಹೇಳುತ್ತೇನೆ. ಎಂಬತ್ತರ ದಶಕದ ಕೊನೆಯಲ್ಲಿ ಏಳನೆಯ ತರಗತಿಯ ಮಕ್ಕಳನ್ನು ಅಘನಾಶಿನಿ ಊರಿನ ಕಡೆಯ ಹೊಳೆದಂಡೆಗೆ ಪ್ರವಾಸ ಕರೆದೊಯ್ದಿದ್ದೆ. ದಂಡೆಯ ಕಲ್ಲುಕಟ್ಟೆಯ ಮೇಲೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಒಂದು ಗುಂಪು ಚಿತ್ರ ತೆಗೆದೆ. ಆಮೇಲೆ ಅದು ಪೆಟ್ಟಿಗೆಯ ಅಡಿಗೆ ಸೇರಿತು. ಹಲವು ವರ್ಷಗಳ ನಂತರ ಮನೆಯ ಮಾಡು ರಿಪೇರಿ ಮಾಡುವಾಗ ಅದು ಕೈಗೆ ಸಿಕ್ಕಿತು. ಮಕ್ಕಳ ಮುಖ ನೋಡುತ್ತಿದ್ದವನಿಗೆ ನಿಧಾನವಾಗಿ ಅವರ ಬೆನ್ನ ಹಿಂದಿನದು ಕಾಣತೊಡಗಿತು. ಇಳಿತದ ಹೊತ್ತು. ಉದ್ದಕ್ಕೂ ಬರಿಯ ಕೆಸರು ದಿಬ್ಬ. ಅದರ ಮೇಲೆ ಬಗ್ಗಿದ ಹೆಂಗಸರು, ಪಕ್ಕದಲ್ಲಿ ಬುಟ್ಟಿಗಳು, ಒಂದು ಪಾತಿದೋಣಿ. ಚಿತ್ರ ತೆಗೆಯುವಾಗ ಅದಾವುದನ್ನೂ ನಾನು ಗಮನಿಸಿರಲಿಲ್ಲ.

ಆ ಚಿತ್ರವನ್ನು ಹಿಡಿದುಕೊಂಡು ಮತ್ತೆ ಅದೇ ಜಾಗಕ್ಕೆ ಹೋದೆ. ಎಲ್ಲವೂ ಹಾಳಾಗಿರುತ್ತದೆ ಎಂದೇ ಮನಸ್ಸಿನಲ್ಲಿ ತೀರ್ಮಾನ ಮಾಡಿಕೊಂಡಿದ್ದೆ. ಕಲ್ಲುಕಟ್ಟೆ ಹಾಗೆಯೇ ಇತ್ತು. ಅಲ್ಲಿ ನಿಂತು ನೋಡಿದರೆ ಹಿಂದೆ ಬರಿದಾಗಿದ್ದ ಕೆಸರಿನ ಒಂದು ಪಾಲಿನಲ್ಲಿ ಕಾಂಡ್ಲಾ ಗಿಡಗಳು ಆಳೆತ್ತರ ಬೆಳೆದು ನಿಂತಿದ್ದವು. ಬೆಳ್ಳಕ್ಕಿಗಳು ಕೂತಿದ್ದವು. ನನಗೆ ಸಂತೋಷವಾಯಿತು. ಬಳಚು ಆರಿಸಿ ದಂಡೆಗೆ ಬರುತ್ತಿದ್ದ ಹಿರಿಯ ಹೆಂಗಸೊಬ್ಬರು ನನ್ನನ್ನು ನೋಡಿ, "ಮಾಸ್ತರ್ರೆ, ಪಟ ತೆಗ್ದು ಎಂತ ಮಾಡ್ತ್ರಿ?" ಎಂದು ಕೇಳಿದರು. ನಾನು ಹಳೆಯ ಚಿತ್ರ ತೋರಿಸಿದೆ. ಅವರು ಬುಟ್ಟಿ ಇಳಿಸಿ, ಕೈ ಒರೆಸಿಕೊಂಡು, ಬಹಳ ಹೊತ್ತು ನೋಡಿದರು. ಬಗ್ಗಿದವರಲ್ಲಿ ಒಬ್ಬರನ್ನು ನಿಂತ ರೀತಿಯಿಂದಲೇ ಗುರುತಿಸಿ, ಅದು ತಮ್ಮ ಅತ್ತೆಯವರು ಎಂದರು. ಆಮೇಲೆ ಕಾಂಡ್ಲಾದ ಕಡೆ ಕೈ ತೋರಿಸಿ, ತಾವು ಆಗ ಬಳಚು ಆರಿಸುತ್ತಿದ್ದ ದಿಬ್ಬ ಅದೇ ಎಂದೂ, ಅಲ್ಲಿ ಗಿಡ ನೆಟ್ಟ ಮೇಲೆ ಬೇರು ಹೆಣೆದು ಕೈ ಹಾಕಲು ಬಾರದೆಂದೂ, ಈಗ ದೋಣಿಯವರ ಜೊತೆ ದೂರದ ದಿಬ್ಬಕ್ಕೆ ಹೋಗಬೇಕೆಂದೂ ಹೇಳಿದರು.

ಆ ದಿನ ನಾನು ಎರಡು ಪಾಠ ಕಲಿತೆ. ಹಳೆಯ ಚಿತ್ರ ನಮ್ಮ ವಾದಕ್ಕೆ ಬೆಂಬಲ ಕೊಡಲೆಂದೇ ಇರುವುದಿಲ್ಲ. ಅದು ನಮ್ಮನ್ನೂ ತಿದ್ದುತ್ತದೆ. ಎಲ್ಲ ನಾಶವಾಯಿತು ಎಂದುಕೊಂಡು ಹೋದವನಿಗೆ ಹಸಿರು ಹೆಚ್ಚಿದ್ದು ಕಂಡಿತು. ಹಸಿರು ಹೆಚ್ಚಿತೆಂದು ಸಂತೋಷಪಟ್ಟವನಿಗೆ ಅದರಿಂದ ಅನ್ನದ ಜಾಗ ದೂರವಾದವರ ಮಾತು ಕೇಳಿಸಿತು. ಕಾಂಡ್ಲಾ ಬೇಕು, ಅದು ದಂಡೆಯನ್ನು ಕಾಯುತ್ತದೆ, ಮೀನಿನ ಮರಿಗಳಿಗೆ ಆಸರೆ. ಆದರೆ ಎಲ್ಲಿ ಬೇಕು ಎಂಬುದನ್ನು ಕೆಸರಿಗೆ ಇಳಿಯುವವರನ್ನು ಕೇಳಿ ನಿರ್ಧರಿಸಬೇಕು. ಎರಡನೆಯ ಪಾಠ, ಚಿತ್ರವನ್ನು ಆ ಊರಿನವರಿಗೆ ತೋರಿಸದೆ ಅದರ ಅರ್ಥ ಪೂರ್ಣವಾಗುವುದಿಲ್ಲ ಎಂಬುದು. ಅಂದು ನಾನು ಅವರ ಅನುಮತಿ ಕೇಳಿ ಒಂದು ಚಿತ್ರ ತೆಗೆದೆ. ಮುಂದಿನ ಸಲ ಹೋದಾಗ ಎರಡರ ಪ್ರತಿಯನ್ನೂ ಕೊಟ್ಟು ಬಂದೆ. ಈಗ ಅದು ಅವರ ಮನೆಯ ಗೋಡೆಯ ಮೇಲಿದೆ.

ತೆಗೆಯದೆ ಉಳಿದ ಚಿತ್ರ

ಇನ್ನು ನೋವಿನ ಮಾತು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ, ಭಾರಿ ಮಳೆಯ ನಡುವೆ, ರಾಷ್ಟ್ರೀಯ ಹೆದ್ದಾರಿ 66ರ ಬದಿಯ ಗುಡ್ಡ ಕುಸಿಯಿತು. ರಸ್ತೆ ಬದಿಯ ಅಂಗಡಿ ನಡೆಸುತ್ತಿದ್ದ ಕುಟುಂಬ, ವಾಹನ ನಿಲ್ಲಿಸಿಕೊಂಡಿದ್ದವರು ಮಣ್ಣಿನಡಿ ಸಿಕ್ಕಿದರು. ಮಣ್ಣು ಗಂಗಾವಳಿ ಹೊಳೆಗೆ ಬಿದ್ದು ನೀರು ಉಕ್ಕಿ ಆಚೆ ದಡದ ಉಳುವರೆಯ ಮನೆಗಳಿಗೂ ನುಗ್ಗಿತು. ಅದಾದ ಮೇಲೆ ಆ ಗುಡ್ಡದ ಸಾವಿರಾರು ಚಿತ್ರಗಳು ಬಂದವು. ನಾಡಿನ ಎಲ್ಲ ಪತ್ರಿಕೆಗಳಲ್ಲಿ, ವಾಹಿನಿಗಳಲ್ಲಿ ಬಂದವು.

ಆ ದಿನಗಳಲ್ಲಿ ನನ್ನನ್ನು ಕಾಡಿದ ಪ್ರಶ್ನೆ ಇದು. ಜುಲೈ 15ರ ಚಿತ್ರ ಯಾರ ಬಳಿ ಇದೆ? ಅದರ ಹಿಂದಿನ ವರ್ಷದ್ದು? ಹೆದ್ದಾರಿ ಅಗಲಿಸಲು ಗುಡ್ಡದ ಬುಡ ಕಡಿಯುವ ಮೊದಲಿನದು, ಕಡಿಯುವಾಗಿನದು? ನಾನೇ ಆ ದಾರಿಯಲ್ಲಿ ಎಷ್ಟೋ ಸಲ ಹೋಗಿದ್ದೇನೆ. ಕಡಿದ ಗುಡ್ಡದ ಕೆಂಪು ಮೈ ನೋಡಿ ಮರುಗಿದ್ದೇನೆ. ಬಸ್ಸಿನಿಂದ ಇಳಿದು ಒಂದೇ ಒಂದು ಚಿತ್ರ ತೆಗೆಯಲಿಲ್ಲ. ಕುಸಿದ ಮೇಲೆ ತೆಗೆದ ಚಿತ್ರ ದುಃಖವನ್ನು ತೋರಿಸುತ್ತದೆ. ಕುಸಿಯುವ ಮೊದಲೇ ವರ್ಷಕ್ಕೆರಡು ಸಲ ತೆಗೆದಿಟ್ಟ ಚಿತ್ರಗಳ ಸಾಲು ಇದ್ದರೆ ಗುಡ್ಡದ ಬಿರುಕು, ಒಸರುವ ನೀರು, ವಾಲಿದ ಮರ ಇವುಗಳನ್ನು ಮೊದಲೇ ತೋರಿಸಿ ಎಚ್ಚರಿಸಬಹುದಿತ್ತೇನೋ. ಆ ಸಾಲು ಇದ್ದಿದ್ದರೆ ಎಲ್ಲವೂ ತಪ್ಪುತ್ತಿತ್ತು ಎಂದು ನಾನು ಹೇಳಲಾರೆ. ಆದರೆ ನಮ್ಮ ಘಟ್ಟದ ರಸ್ತೆಗಳ ಬದಿಯಲ್ಲಿ ಅಂಥ ಗುಡ್ಡಗಳು ಇನ್ನೂ ಇವೆ. ಅವುಗಳ ಸಾಲನ್ನು ಇಂದೇ ಆರಂಭಿಸಬಹುದು.

ಒಂದೇ ಜಾಗದಿಂದ ಮತ್ತೆ ಮತ್ತೆ ಚಿತ್ರ ತೆಗೆದು ಹೋಲಿಸುವುದು ಹೊಸ ವಿಧಾನವಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಯುರೋಪಿನ ಆಲ್ಪ್ಸ್ ಪರ್ವತಗಳಲ್ಲಿ ಹಿಮನದಿ ಹಿಂದೆ ಸರಿಯುವುದನ್ನು ಅಳೆಯಲು ವಿಜ್ಞಾನಿಗಳು ಇದನ್ನು ಬಳಸಿದರು. ಅವರು ಗುರುತು ಮಾಡಿಟ್ಟ ಜಾಗಗಳಲ್ಲಿ ಮುಂದಿನವರು ಬಂದು ನಿಂತರು. ಇದಕ್ಕೆ ಬೇಕಾದದ್ದು ಬೆಲೆಬಾಳುವ ಕ್ಯಾಮೆರಾ ಅಲ್ಲ, ಮತ್ತೆ ಅಲ್ಲಿಗೇ ಹೋಗುವ ತಾಳ್ಮೆ. ದೂರದೂರಿನಿಂದ ಬಂದ ಪರಿಣತ ಛಾಯಾಗ್ರಾಹಕರಿಗೆ ಆ ಸೌಲಭ್ಯವಿಲ್ಲ. ಅವರು ಒಂದು ದಿನ ಬಂದು ಚೆಲುವಾದ ಚಿತ್ರ ತೆಗೆದು ಹೋಗುತ್ತಾರೆ. ಹತ್ತಿರವಿರುವವರಿಗೆ ಮಾತ್ರ ಹತ್ತು ವರ್ಷ ಬರುವುದು ಸಾಧ್ಯ.

ಸಾಕ್ಷಿಯಾಗುವ ಚಿತ್ರವನ್ನು ತೆಗೆಯುವ ಕ್ರಮ

ಈಗ ಕೆಲಸದ ಮಾತಿಗೆ ಬರುತ್ತೇನೆ. ವಿದ್ಯಾರ್ಥಿಗಳು ಬರೆದುಕೊಂಡರೆ ಒಳ್ಳೆಯದು.

ಮೊದಲನೆಯದು, ನಿಲ್ಲುವ ಜಾಗ. ಬೇಗ ಅಳಿಯದ ಗುರುತು ಬೇಕು. ದೇವಸ್ಥಾನದ ಮೆಟ್ಟಿಲು, ಸೇತುವೆಯ ಕಂಬ, ದೊಡ್ಡ ಬಂಡೆ, ಕಟ್ಟೆ ಇವು ಆಗಬಹುದು. ಮರ ಬೇಡ, ಮರ ಬೀಳುತ್ತದೆ. ಅಲ್ಲಿ ನಿಂತು ಎದುರಿನ ದೃಶ್ಯದಲ್ಲಿ ಎಡಗಡೆ ಒಂದು, ಬಲಗಡೆ ಒಂದು ಸ್ಥಿರವಾದ ಗುರುತು ಆರಿಸಿಕೊಳ್ಳಿ. ಗುಡ್ಡದ ತುದಿ, ದೀಪಸ್ತಂಭ, ರೈಲು ಸೇತುವೆ ಹೀಗೆ. ಪ್ರತಿ ಸಲವೂ ಆ ಎರಡು ಗುರುತುಗಳು ಚಿತ್ರದ ಎರಡು ಅಂಚಿನಲ್ಲಿ ಬರಬೇಕು. ಫೋನಿನ ಝೂಮ್ ಮುಟ್ಟಬೇಡಿ. ಹಿಂದಿನ ಸಲದ ಚಿತ್ರದ ಒಂದು ಪ್ರಿಂಟನ್ನು ಕೈಯಲ್ಲಿ ಹಿಡಿದು ಹೋಲಿಸಿಕೊಂಡು ತೆಗೆಯಿರಿ.

ಎರಡನೆಯದು, ಹೊತ್ತು. ಕಡಲತೀರದಲ್ಲಿ ಇದು ಎಲ್ಲಕ್ಕಿಂತ ಮುಖ್ಯ. ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ ಬರುತ್ತದೆ. ಪ್ರತಿದಿನವೂ ಅದು ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಉಬ್ಬರದಲ್ಲಿ ತೆಗೆದ ಚಿತ್ರವನ್ನು ಇಳಿತದಲ್ಲಿ ತೆಗೆದ ಚಿತ್ರದೊಂದಿಗೆ ಹೋಲಿಸಿ, ಕಡಲು ನುಂಗಿತು ಎಂದರೆ ಯಾರೂ ನಂಬಬಾರದು. ಇದಕ್ಕೆ ನಮ್ಮ ಮನೆಯ ಪಂಚಾಂಗವೇ ಸಾಕು. ಅಮಾವಾಸ್ಯೆ ಮತ್ತು ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರವೂ ಇಳಿತವೂ ದೊಡ್ಡದು; ಆ ದಿನಗಳಲ್ಲಿ ಒಂದು ಊರಿನಲ್ಲಿ ಇಳಿತ ಬರುವ ಗಂಟೆಯೂ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಆ ಗಂಟೆ ಯಾವುದೆಂದು ಅಲ್ಲಿನ ಮೀನುಗಾರರನ್ನು ಕೇಳಿ. ಹೀಗೆ ತಿಥಿ ನೋಡಿ ಹೋದರೆ ಹೋಲಿಕೆ ಸರಿಬರುತ್ತದೆ. ಋತುವನ್ನೂ ಮರೆಯಬೇಡಿ. ಆಷಾಢದ ಅಳಿವೆಯನ್ನು ಆಷಾಢದ ಅಳಿವೆಯೊಂದಿಗೆ, ಮಾಘವನ್ನು ಮಾಘದೊಂದಿಗೆ ಹೋಲಿಸಬೇಕು. ನಮ್ಮ ಕಡಲು ಪಶ್ಚಿಮಕ್ಕಿರುವುದರಿಂದ ಬೆಳಗಿನ ಹೊತ್ತು ಸೂರ್ಯ ನಿಮ್ಮ ಬೆನ್ನಿಗಿದ್ದು ಎದುರಿನದು ಸ್ಪಷ್ಟವಾಗಿ ಕಾಣುತ್ತದೆ. ಸಂಜೆ ಚೆಲುವು ಹೆಚ್ಚು, ವಿವರ ಕಡಿಮೆ.

ಮೂರನೆಯದು, ಅಳತೆ. ಕೊರೆದುಹೋದ ದಂಡೆ, ಕಡಿದ ಗುಡ್ಡ ಇವುಗಳ ಪಕ್ಕದಲ್ಲಿ ಒಂದು ಮೀಟರ್ ಉದ್ದದ, ಹತ್ತು ಹತ್ತು ಸೆಂಟಿಮೀಟರಿಗೆ ಬಣ್ಣದ ಗೆರೆ ಹಾಕಿದ ಕೋಲು ಇಡಿ. ಅದಿಲ್ಲದಿದ್ದರೆ ಎತ್ತರ ಎಷ್ಟೆಂದು ಚಿತ್ರದಿಂದ ತಿಳಿಯದು. ಕಡಿದ ಗುಡ್ಡದ ಬುಡಕ್ಕೆ ಮಳೆಗಾಲದಲ್ಲಿ ಯಾರೂ ಹೋಗಬೇಡಿ. ಕೋಲಿನ ಆಸೆಗೆ ಜೀವ ಒಡ್ಡಬಾರದು. ದೂರದಿಂದಲೇ ತೆಗೆದು, ಪಕ್ಕದ ವಿದ್ಯುತ್ ಕಂಬವನ್ನೋ ವಾಹನವನ್ನೋ ಅಳತೆಯಾಗಿ ಬಳಸಿ.

ನಾಲ್ಕನೆಯದು, ಬರಹ. ಒಂದು ನೋಟುಬುಕ್ಕಿನಲ್ಲಿ ದಿನಾಂಕ, ಗಂಟೆ, ತಿಥಿ, ಉಬ್ಬರವೋ ಇಳಿತವೋ, ಮಳೆಯೋ ಬಿಸಿಲೋ, ನಿಂತ ಜಾಗ, ನೋಡಿದ ದಿಕ್ಕು, ತೆಗೆದವರ ಹೆಸರು ಬರೆಯಿರಿ. ಅಲ್ಲಿನ ಜನ ಹೇಳಿದ ಎರಡು ಮಾತನ್ನೂ ಅವರ ನುಡಿಯಲ್ಲಿಯೇ ಬರೆದುಕೊಳ್ಳಿ. ಬರಹವಿಲ್ಲದ ಚಿತ್ರ ಕೆಲವು ವರ್ಷಗಳಲ್ಲಿ ಮೂಕವಾಗುತ್ತದೆ. ನನ್ನ ಹಳೆಯ ಗುಂಪು ಚಿತ್ರದ ಹಿಂದೆ ಇಸವಿಯನ್ನೂ ಬರೆದಿರಲಿಲ್ಲ. ಮಕ್ಕಳ ತರಗತಿಯಿಂದ ಲೆಕ್ಕ ಹಾಕಬೇಕಾಯಿತು.

ಐದನೆಯದು, ಕಾಪಿಡುವುದು. ಫೋನಿನಲ್ಲಿ ತೆಗೆದ ಮೂಲ ಚಿತ್ರದೊಳಗೆ ದಿನಾಂಕ, ಗಂಟೆ ಮತ್ತು ಜಿಪಿಎಸ್ ತೆರೆದಿದ್ದರೆ ಜಾಗದ ವಿವರವೂ ಅಡಗಿರುತ್ತದೆ. ವಾಟ್ಸಾಪಿನಲ್ಲಿ ಚಿತ್ರವಾಗಿ ಕಳುಹಿಸಿದಾಗ ಆ ವಿವರ ಅಳಿಸಿಹೋಗುತ್ತದೆ, ಚಿತ್ರವೂ ಕುಗ್ಗುತ್ತದೆ. ಆದ್ದರಿಂದ ಮೂಲ ಚಿತ್ರವನ್ನು ಬಣ್ಣ ತಿದ್ದದೆ, ಕತ್ತರಿಸದೆ, ಎರಡು ಬೇರೆ ಬೇರೆ ಜಾಗಗಳಲ್ಲಿ ಇಡಿ. ನ್ಯಾಯಾಲಯದ ಮುಂದೆ ಇಂಥ ಚಿತ್ರ ಇಡಬೇಕಾದರೆ ಅದನ್ನು ತೆಗೆದ ಉಪಕರಣದ ಬಗ್ಗೆ ಪ್ರಮಾಣಪತ್ರ ಬೇಕಾಗುತ್ತದೆ. ಹಿಂದಿನ ಸಾಕ್ಷ್ಯ ಕಾಯ್ದೆಯ 65ಬಿ ಕಲಮಿನಲ್ಲಿದ್ದ ಈ ಮಾತು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಲ್ಲಿದೆ. ಯಾರು, ಯಾವ ಫೋನಿನಲ್ಲಿ ತೆಗೆದರು ಎಂಬುದು ನಮ್ಮ ನೋಟುಬುಕ್ಕಿನಲ್ಲಿದ್ದರೆ ಮುಂದಿನ ಕೆಲಸ ಸುಲಭ.

ನ್ಯಾಯಾಲಯದವರೆಗೆ ಹೋಗುವ ಮೊದಲೇ ಚಿತ್ರಕ್ಕೆ ಉಪಯೋಗವಿದೆ. ಪರಿಸರ ಪರಿಣಾಮದ 2006ರ ಅಧಿಸೂಚನೆಯಂತೆ ದೊಡ್ಡ ಯೋಜನೆಗಳಿಗೆ ಸಾರ್ವಜನಿಕ ಅಹವಾಲು ಸಭೆ ನಡೆಯುವಾಗ ಯಾರು ಬೇಕಾದರೂ ಲಿಖಿತವಾಗಿ ಆಕ್ಷೇಪಣೆ ಸಲ್ಲಿಸಬಹುದು; ಅದಕ್ಕೆ ಚಿತ್ರ ಲಗತ್ತಿಸಬಹುದು. ಕರಾವಳಿ ನಿಯಂತ್ರಣ ವಲಯದ ನಿಯಮ 1991ರಲ್ಲಿ ಮೊದಲು ಬಂದು, 2011ರಲ್ಲಿ ಮತ್ತು 2019ರಲ್ಲಿ ಹೊಸ ರೂಪ ಪಡೆಯಿತು. ಅದರಲ್ಲಿ ಉಬ್ಬರದ ರೇಖೆ ಎಲ್ಲಿದೆ, ಕಾಂಡ್ಲಾ ಎಲ್ಲಿದೆ ಎಂಬುದರ ಮೇಲೆ ಬಹಳಷ್ಟು ನಿಂತಿದೆ. ಇನ್ನು ಜೀವವೈವಿಧ್ಯ ಕಾಯ್ದೆ, 2002ರಂತೆ ಪ್ರತಿ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ನಿಮ್ಮ ಚಿತ್ರಗಳನ್ನು ಅದಕ್ಕೆ ಸೇರಿಸಿ ಎಂದು ಪಂಚಾಯಿತಿಯನ್ನು ಕೇಳಿ.

ಗುಡ್ಡದ ಗುರುತು ಇರಲಿ, ಗೂಡಿನ ಗುರುತು ಬೇಡ

ಜೀವಿಗಳ ಚಿತ್ರದ ವಿಷಯದಲ್ಲಿ ನನ್ನದೇ ತಪ್ಪನ್ನು ಒಪ್ಪಿಕೊಳ್ಳಬೇಕು. ಹೊನ್ನಾವರದ ಕಡೆಯ ಮರಳದಂಡೆಯೊಂದರಲ್ಲಿ ಚಳಿಗಾಲದ ರಾತ್ರಿ ಆಲಿವ್ ರಿಡ್ಲೆ ಕಡಲಾಮೆ ಮೊಟ್ಟೆಯಿಡಲು ಬರುತ್ತದೆಂದು ಕೇಳಿ, ಗೆಳೆಯರೊಡನೆ ಹೋಗಿದ್ದೆ. ಬಹಳ ಹೊತ್ತು ಕಾದ ಮೇಲೆ ನೀರಿನಿಂದ ಅದು ಮೇಲೆ ಬಂತು. ನನಗೆ ತಡೆಯಲಾಗಲಿಲ್ಲ. ಫ್ಲಾಶ್ ಹಾಕಿ ಚಿತ್ರ ತೆಗೆದೆ. ಆಮೆ ನಿಂತಿತು, ಮೆಲ್ಲನೆ ತಿರುಗಿ ಕಡಲಿಗೆ ಇಳಿದುಹೋಯಿತು. ನಮ್ಮ ಜೊತೆಗಿದ್ದ ಮೀನುಗಾರ ಹಿರಿಯರು ಏನೂ ಬೈಯಲಿಲ್ಲ. ಇನ್ನು ಇಂದು ಬರುವುದಿಲ್ಲ ಎಂದಷ್ಟೇ ಹೇಳಿ ಮನೆಯ ಕಡೆ ನಡೆದರು. ಆ ಚಿತ್ರ ಚೆನ್ನಾಗಿಯೇ ಬಂದಿತ್ತು. ಅದನ್ನು ನಾನು ಯಾರಿಗೂ ತೋರಿಸಿಲ್ಲ.

ತಾಯಿ ಆಮೆ ಒಂದು ಸಲಕ್ಕೆ ನೂರರ ಆಸುಪಾಸು ಮೊಟ್ಟೆಯಿಡುತ್ತದೆ. ಸುಮಾರು ಐವತ್ತು ದಿನಗಳ ಮೇಲೆ ಮರಿಗಳು ಹೊರಬಂದು, ಕಡಲಿನ ಮೇಲಿನ ಮಸುಕು ಬೆಳಕನ್ನು ನೋಡಿ ನೀರಿನ ಕಡೆ ಸಾಗುತ್ತವೆ. ದಂಡೆಯ ಮೇಲೆ ದೀಪವಿದ್ದರೆ ದಾರಿ ತಪ್ಪಿ ಊರಿನ ಕಡೆ ನಡೆಯುತ್ತವೆ. ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಮೊದಲ ಅನುಸೂಚಿಯಲ್ಲಿ ಕಡಲಾಮೆ ಇದೆ. ಅದಕ್ಕೂ ಅದರ ಮೊಟ್ಟೆಗೂ ಕೈ ಹಚ್ಚುವುದು ಅಪರಾಧ. ಹಾಗಾದರೆ ಆಮೆ ಬಂದಿತ್ತು ಎಂದು ತೋರಿಸುವುದು ಹೇಗೆ? ಬೆಳಗಾದ ಮೇಲೆ ಹೋಗಿ. ಮರಳಿನ ಮೇಲೆ ಅದು ಹತ್ತಿದ ಮತ್ತು ಇಳಿದ ಜಾಡು ಇರುತ್ತದೆ. ಜಾಡನ್ನು ತುಳಿಯದೆ, ಪಕ್ಕದಲ್ಲಿ ಅಳತೆಯ ಕೋಲಿಟ್ಟು, ಬದಿಯಿಂದ ತೆಗೆಯಿರಿ. ಅರಣ್ಯ ಇಲಾಖೆಗೆ ತಿಳಿಸಿ. ಗೂಡಿನ ಜಾಗವನ್ನು ಊರಿಗೆಲ್ಲ ಹಂಚಬೇಡಿ.

ಗುಡ್ಡ ಕಡಿದ ಜಾಗದ ವಿವರ ಚಿತ್ರದೊಂದಿಗೆ ಇರಲೇಬೇಕು. ಆದರೆ ಗೂಡಿನ, ಬಿಲದ, ಅಪರೂಪದ ಪ್ರಾಣಿ ಮಲಗುವ ಮರದ ವಿವರ ಹಂಚಿದರೆ ಮರುದಿನ ಅಲ್ಲಿ ಹತ್ತು ಕ್ಯಾಮೆರಾ, ಒಬ್ಬ ಬೇಟೆಗಾರ. ನಮ್ಮ ಘಟ್ಟದ ಸಿಂಗಳೀಕಗಳಿಗಾಗಿ 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಪ್ರದೇಶ ಘೋಷಣೆಯಾಯಿತು. ಅವುಗಳ ಚಿತ್ರಕ್ಕಾಗಿ ಬಾಳೆಹಣ್ಣು ತೋರಿಸಿ ಕರೆಯುವವರನ್ನು ಕಂಡಿದ್ದೇನೆ. ತಿನಿಸಿನ ಆಸೆಗೆ ರಸ್ತೆಗಿಳಿದ ಸಿಂಗಳೀಕ ಒಂದಲ್ಲ ಒಂದು ದಿನ ವಾಹನದ ಚಕ್ರಕ್ಕೆ ಸಿಕ್ಕುತ್ತದೆ. ಅಳಿವೆಯಲ್ಲಿ ನೀರುನಾಯಿ ಇದೆ, ಗರುಡ ಇದೆ, ಬಿಳಿಹೊಟ್ಟೆಯ ಕಡಲ ಹದ್ದು ಇದೆ, ಚಳಿಗಾಲದಲ್ಲಿ ದೂರದಿಂದ ಬರುವ ಹಕ್ಕಿಗಳಿವೆ. ಹಿಂಡು ಹಾರುವ ಚಿತ್ರ ಬೇಕೆಂದು ಕಲ್ಲೆಸೆದು ಎಬ್ಬಿಸಬೇಡಿ. ಸಾವಿರಾರು ಮೈಲಿ ಹಾರಿ ಬಂದ ಹಕ್ಕಿ ಅಲ್ಲಿ ಕೂತಿರುವುದು ಹಸಿವಿಗಾಗಿ.

ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ತಮ್ಮ ತೋಟದ ಸುತ್ತಮುತ್ತಲಿನ ಹಕ್ಕಿಗಳ ಚಿತ್ರಗಳನ್ನು ವರ್ಷಾನುಗಟ್ಟಲೆ ತೆಗೆದದ್ದು ನಿಮಗೆ ತಿಳಿದಿದೆ. ಕಾದು ಕೂರುವುದು, ಜೀವಿಯ ದಿನಚರಿಯನ್ನು ಕಲಿಯುವುದು, ಮನೆಯ ಹತ್ತಿರದ ಹಕ್ಕಿಯನ್ನೇ ಹತ್ತಾರು ಸಲ ನೋಡುವುದು, ಇದು ಅವರಿಂದ ಕಲಿಯಬೇಕಾದದ್ದು. ಮಿಂಚುಳ್ಳಿ ನೋಡಲು ನೀವು ಆಫ್ರಿಕಕ್ಕೆ ಹೋಗಬೇಕಾಗಿಲ್ಲ. ನಿಮ್ಮ ಗದ್ದೆಯ ತಂತಿಯ ಮೇಲೆ ಅದು ಕೂತಿದೆ.

ಕೋಟೆಯೂ ಸಾಕ್ಷಿ

ಹೊಳೆಯ ದಂಡೆಯ ಮಿರ್ಜಾನ ಕೋಟೆಯನ್ನು ನೀವೆಲ್ಲ ನೋಡಿರಬಹುದು. ಜಂಬಿಟ್ಟಿಗೆ ಕಲ್ಲಿನ ಈ ಕೋಟೆಯ ಹೆಸರು ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯೊಂದಿಗೆ ಸೇರಿದೆ. ಹದಿನಾರನೆಯ ಶತಮಾನದಲ್ಲಿ ಆಳಿದ ಅವಳನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದರು. ಆ ಮೆಣಸು ಬೆಳೆದದ್ದು ಘಟ್ಟದ ಕಾಡಿನಲ್ಲಿ. ಅಂದರೆ ಕೋಟೆಯ ಚಿತ್ರವೂ ನಮ್ಮದೇ ಚಿತ್ರ. ಅಲ್ಲಿ ಹೋದಾಗ ಬಾಗಿಲಿನ ಎದುರು ನಿಂತು ನಿಮ್ಮ ಚಿತ್ರ ತೆಗೆಸಿಕೊಂಡ ಮೇಲೆ ಗೋಡೆಯ ಬಿರುಕು, ಗೋಡೆಯಲ್ಲಿ ಬೇರು ಬಿಟ್ಟ ಅರಳಿ, ಬಾವಿಯ ನೀರಿನ ಮಟ್ಟ ಇವುಗಳನ್ನೂ ಒಂದೊಂದು ತೆಗೆದಿಡಿ. ಅದೇ ರೀತಿ ಮನೆಯ ಹಳೆಯ ಆಲ್ಬಮ್ ತೆರೆದು ನೋಡಿ. ಮದುವೆಯ ಚಿತ್ರದ ಹಿನ್ನೆಲೆಯಲ್ಲಿ ಗದ್ದೆ ಇರಬಹುದು, ಹೊಳೆ ಇರಬಹುದು, ಈಗಿಲ್ಲದ ಮಾವಿನ ಮರ ಇರಬಹುದು. ಅದರ ಹಿಂದೆ ಇಸವಿ ಬರೆಯಿರಿ. ಅಜ್ಜ ಅಜ್ಜಿಯರು ಇರುವಾಗಲೇ ಕೇಳಿ ಬರೆಯಿರಿ.

ಕೊನೆಯ ಮಾತು

ನನ್ನ ಸಲಹೆ ಸಣ್ಣದು. ಶಂಕರಹೊಂಡದಿಂದ ಅಳಿವೆಯವರೆಗೆ ಹೊಳೆಯ ಉದ್ದಕ್ಕೂ ಹನ್ನೆರಡು ಜಾಗ ಗುರುತಿಸೋಣ. ಮೇಲಿನ ಎಂಟು ನಮ್ಮ ಊರುಗಳ ಶಾಲೆಗಳಿಗಿರಲಿ. ಕೆಳಗಿನ ನಾಲ್ಕಕ್ಕೆ ಕರಾವಳಿಯ ಶಾಲೆಗಳನ್ನು ಜೊತೆಗೆ ಸೇರಿಸಿಕೊಳ್ಳೋಣ. ಪ್ರತಿ ಶಾಲೆಯಲ್ಲಿ ಒಂದು ನೋಟುಬುಕ್ಕು, ತಿಂಗಳಿಗೊಂದು ಅಮಾವಾಸ್ಯೆ, ಒಂದು ಹುಣ್ಣಿಮೆ. ಏಳನೆಯ ತರಗತಿಯವರು ಹೊರಟುಹೋಗುವಾಗ ಆರನೆಯ ತರಗತಿಯವರಿಗೆ ಆ ಪುಸ್ತಕ ಕೊಡಲಿ. ವರ್ಷಕ್ಕೊಮ್ಮೆ ಮೇಲಿನವರು ಕೆಳಗೆ, ಕೆಳಗಿನವರು ಮೇಲೆ ಹೋಗಿ ಪುಸ್ತಕಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಲಿ. ಖರ್ಚು ಬಸ್ಸಿನ ಟಿಕೇಟು ಮತ್ತು ಕೆಲವು ಪ್ರಿಂಟುಗಳಷ್ಟೇ.

ಅಳಿವೆಯ ಚಿತ್ರ ಯಾರು ತೆಗೆಯಬೇಕು ಎಂಬ ಪ್ರಶ್ನೆಗೆ ನನ್ನ ಉತ್ತರ ಇಷ್ಟು. ಮತ್ತೆ ಅಲ್ಲಿಗೆ ಹೋಗುವವರು, ತೆಗೆದದ್ದನ್ನು ಅಲ್ಲಿನವರಿಗೆ ತೋರಿಸುವವರು ತೆಗೆಯಬೇಕು. ಬರುವ ಅಮಾವಾಸ್ಯೆಗೆ ನಾನು ಕುಮಟಾಕ್ಕೆ ಇಳಿಯುವವನಿದ್ದೇನೆ. ಬೆಳಗಿನ ಮೊದಲ ಬಸ್ಸು. ಬರುವವರು ಒಂದು ನೋಟುಬುಕ್ಕು, ಪೆನ್ನು ಮತ್ತು ಬುತ್ತಿ ತನ್ನಿ. ಫೋನು ಹೇಗೂ ನಿಮ್ಮ ಕಿಸೆಯಲ್ಲಿರುತ್ತದೆ.